ಕೈಕಾಲು ಕಳಕೊಂಡವರ ನ್ಯಾಯದ ದಾರಿ

(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣದ ಬರಹ)



ನಾನು ಬಿ.ಎ. ಓದುವ ಹುಡುಗಿ. ವಕೀಲಳಲ್ಲ, ಡಾಕ್ಟರಳೂ ಅಲ್ಲ. ಸಂಘದ ಅಣ್ಣಂದಿರು ‘ನಿನಗೆ ಬೇಕಾದ ವಿಷಯದ ಮ್ಯಾಲೆ ಮಾತಾಡವ್ವ’ ಅಂದಾಗ ನಾನು ಆರಿಸಿಕೊಂಡದ್ದು ನಮ್ಮ ಮಂದಿಯ ಕಾಲಿನ ವಿಷಯ. ಗಾಯಕ್ಕೆ ನಂಜೇರಿ, ದವಾಖಾನೆಯಲ್ಲಿ ಸರಿಯಾದ ಹೊತ್ತಿಗೆ ಯಾರೂ ನೋಡದೆ, ಕೊನೆಗೆ ಕಾಲೋ ಕೈಯೋ ಕತ್ತರಿಸಿದರೆ, ಆ ಮನುಷ್ಯನಿಗೆ ಕಾನೂನಿನಲ್ಲಿ ಏನು ಹಕ್ಕು ಇದೆ? ಆ ಹಕ್ಕು ಕೈಗೆ ಸಿಗಬೇಕಾದರೆ ನಾವು ಏನು ಮಾಡಬೇಕು? ಇಷ್ಟೇ ನನ್ನ ಮಾತು.

ಇದು ನಮಗೆ ಯಾಕೆ ಬೇಕು ಅಂತ ಕೇಳಬಹುದು. ನಮ್ಮ ಅಕ್ಕಲಕೋಟ, ಜತ್ತ ಕಡೆಯ ಮಂದಿ ಕಬ್ಬು ಕಡಿಯಾಕ ಟೋಳಿ ಕಟ್ಟಿಕೊಂಡು ಹೋಗ್ತಾರೆ. ಕೈಯಲ್ಲಿ ಕೊಯ್ತಾ, ಕಾಲಲ್ಲಿ ಹರಿದ ಚಪ್ಪಲಿ. ಗಟಾರ ತೆಗೆಯುವವರು ನಾವು, ಕಸ ಎತ್ತುವವರು ನಾವು, ಕಲ್ಲು ಒಡೆಯುವವರು ನಾವು. ಗಾಯ ಆಗುವುದು ನಮ್ಮ ಕಾಲಿಗೆ. ಒಂದು ದಿನ ಕೆಲಸ ಬಿಟ್ಟರೆ ಮುಕಾದಮನ ಉಚಲ್ ತೀರೂದಿಲ್ಲ ಅಂತ ಗಾಯಕ್ಕೆ ಅರಿಶಿನ ಹಚ್ಚಿ ಅರಿವೆ ಕಟ್ಟಿಕೊಂಡು ಮತ್ತೆ ಕೆಲಸಕ್ಕೆ ಹೋಗುವವರೂ ನಾವೇ. ಮ್ಯಾಲೆ ಈಗ ಮನೆಗೊಬ್ಬರಂತೆ ಶುಗರ್. ಶುಗರ್ ಇದ್ದವರಿಗೆ ಕಾಲಿನ ನೋವೂ ತಿಳಿಯೂದಿಲ್ಲ.

ಮೊದಲು ಸೆಪ್ಸಿಸ್ ಅಂದರೇನು ಅಂತ ಹೇಳ್ತೀನಿ. ನಮ್ಮ ಆಯಿಗಳು ‘ಮೈತುಂಬ ನಂಜೇರಿತು’ ಅಂತಾರಲ್ಲ, ಹತ್ತಿರ ಹತ್ತಿರ ಅದೇ. ಗಾಯದಲ್ಲೋ, ಪುಪ್ಪುಸದಲ್ಲೋ, ಬಾಣಂತಿಯ ಹೊಟ್ಟೆಯಲ್ಲೋ ರೋಗಾಣು ಸೇರುತ್ತದೆ. ಅದರ ಜೊತೆ ಹೋರಾಡಲಿಕ್ಕೆ ಹೋದ ನಮ್ಮ ದೇಹವೇ ಹದ ತಪ್ಪಿ ತನ್ನ ಅಂಗಗಳನ್ನು ತಾನೇ ಕೆಡಿಸಿಕೊಳ್ಳುತ್ತದೆ. ಬಿ.ಪಿ. ಇಳಿಯುತ್ತದೆ. ಕಿಡ್ನಿ ಕೆಲಸ ನಿಲ್ಲಿಸುತ್ತದೆ. ಕೈಕಾಲಿನ ತುದಿಗೆ ರಕ್ತ ಹೋಗದೆ ಬೆರಳು ಕರ್ರಗಾಗುತ್ತವೆ. ಅಂದರೆ ಕಾಲು ಹೋಗುವುದು ಎರಡು ದಾರಿಯಿಂದ. ಒಂದು, ಕಾಲಿನ ಗಾಯವೇ ಕೊಳೆತು ಮ್ಯಾಲಕ್ಕೆ ಏರುವುದು. ಇನ್ನೊಂದು, ನಂಜು ಬೇರೆಲ್ಲೋ ಇದ್ದರೂ ಕೈಕಾಲಿಗೆ ರಕ್ತ ನಿಂತುಹೋಗುವುದು.

ಇದರ ಗುರುತು ನಾವೆಲ್ಲ ಬಾಯಿಪಾಠ ಮಾಡಿಕೊಳ್ಳಬೇಕು. ಜೋರು ಜ್ವರ ಅಥವಾ ಮೈ ತಣ್ಣಗಾಗುವುದು, ನಡುಕ, ಎದೆ ಬಡಿತ ಜೋರಾಗುವುದು, ದಮ್ಮು ಹತ್ತುವುದು, ಮಾತು ತೊದಲುವುದು, ಗುರುತು ಹಿಡಿಯದೆ ಏನೇನೋ ಅನ್ನುವುದು, ಉಚ್ಚಿ ಕಡಿಮೆ ಆಗುವುದು, ಚರ್ಮದ ಮ್ಯಾಲೆ ಕಲೆ. ಡಾಕ್ಟರರು ತಟ್ಟನೆ ನೋಡಲಿಕ್ಕೆ ಮೂರು ಅಳತೆ ಇಟ್ಟುಕೊಂಡಿದ್ದಾರೆ: ಉಸಿರು ನಿಮಿಷಕ್ಕೆ 22 ಅಥವಾ ಹೆಚ್ಚು, ಬಿ.ಪಿ.ಯ ಮ್ಯಾಲಿನ ಅಂಕಿ 100 ಅಥವಾ ಕಡಿಮೆ, ಬುದ್ಧಿ ಮಂಕಾಗುವುದು. ಮೂರರಲ್ಲಿ ಎರಡು ಇದ್ದರೆ ಅಪಾಯದ ಗಂಟೆ ಬಾರಿಸಿದಂತೆ. ಬಿ.ಪಿ. ಕುಸಿದು ಸೆಪ್ಟಿಕ್ ಶಾಕ್ ಆಗಿದ್ದರೆ, ಗುರುತಿಸಿದ ಒಂದು ತಾಸಿನೊಳಗೆ ಆಂಟಿಬಯಾಟಿಕ್ ಕೊಡಬೇಕು ಅಂತ ಜಗತ್ತಿನ ತಜ್ಞರ ಮಾರ್ಗಸೂಚಿ ಹೇಳುತ್ತದೆ. ಜೊತೆಗೆ ಸಲಾಯಿನ್, ರಕ್ತ ಪರೀಕ್ಷೆ, ಕೀವು ಇದ್ದರೆ ತೆರೆದು ತೆಗೆಯುವುದು. ಇದು ನಾಳೆ ನೋಡೋಣ ಅನ್ನುವ ಕಾಯಿಲೆ ಅಲ್ಲ. ಇಲ್ಲಿ ಲೆಕ್ಕ ದಿನದ್ದಲ್ಲ, ತಾಸಿನದು.

ಈ ತಾಸಿನ ಲೆಕ್ಕವೇ ಮುಂದೆ ಕೋರ್ಟಿನಲ್ಲಿಯೂ ಬರುತ್ತದೆ. ಅದನ್ನೇ ನಾನು ಇವತ್ತು ಮುಖ್ಯವಾಗಿ ಹೇಳಬೇಕಾದದ್ದು.

ನಮ್ಮ ಓಣಿಯ ಒಬ್ಬ ಕಾಕಾನ ಸಂಗತಿ ನಿಮಗೆ ಗೊತ್ತೇ ಇದೆ. ಹೆಸರು ಬೇಡ, ದವಾಖಾನೆಯ ಹೆಸರೂ ಬೇಡ. ಕಾಲಿಗೆ ಕೊಯ್ತಾ ತಾಗಿತು. ಜ್ವರ ಬಂತು. ಒಂದು ಖಾಸಗಿ ದವಾಖಾನೆಗೆ ಸೇರಿಸಿದರು. ಎರಡು ದಿನ ಪಟ್ಟಿ ಬಿಚ್ಚಿ ನೋಡಲಿಲ್ಲ ಅಂತ ಕಾಕು ಹೇಳ್ತಾರೆ. ಮೂರನೆಯ ದಿನ ‘ಸೋಲಾಪುರಕ್ಕೆ ಒಯ್ಯಿರಿ’ ಅಂದರು. ಅಲ್ಲಿ ಜೀವ ಉಳಿಯಿತು, ಮೊಣಕಾಲಿನ ಮ್ಯಾಲಿಂದ ಕಾಲು ಹೋಯಿತು. ಅದರಲ್ಲಿ ತಪ್ಪು ಯಾರದು? ನಾನು ತೀರ್ಪು ಕೊಡೂದಿಲ್ಲ. ತೀರ್ಪು ಕೊಡಬೇಕಾದವರೂ ಕೊಡಲಿಕ್ಕೆ ಆಗೂದಿಲ್ಲ. ಯಾಕಂದ್ರ ಕಾಕಾನ ಮನೆಯಲ್ಲಿ ಇರುವುದು ಔಷಧ ಅಂಗಡಿಯ ನಾಲ್ಕು ಚೀಟಿ ಮಾತ್ರ. ಮೊದಲ ದವಾಖಾನೆಯ ಒಂದು ಕಾಗದವೂ ಇಲ್ಲ. ವಕೀಲರ ಹತ್ತಿರ ಹೋಗುವ ಹೊತ್ತಿಗೆ ಮೂರು ವರ್ಷ ಕಳೆದಿತ್ತು. ಕಾಲು ಒಮ್ಮೆ ಹೋಯಿತು, ನ್ಯಾಯ ಇನ್ನೊಮ್ಮೆ ಹೋಯಿತು.

ಈಗ ಕಾನೂನಿಗೆ ಬರೋಣ. ಕಾಲು ಕತ್ತರಿಸಿದರು ಅಂದ ಮಾತ್ರಕ್ಕೆ ಅದು ನಿರ್ಲಕ್ಷ್ಯ ಆಗೂದಿಲ್ಲ. ಎಷ್ಟೋ ಸಲ ಕಾಲು ತೆಗೆದೇ ಜೀವ ಉಳಿಸಿರ್ತಾರೆ. ಕೋರ್ಟು ಮೂರು ಪ್ರಶ್ನೆ ಕೇಳುತ್ತದೆ. ಒಂದನೆಯದು, ಆ ಡಾಕ್ಟರಿಗೆ ಈ ರೋಗಿಯನ್ನು ನೋಡಿಕೊಳ್ಳುವ ಹೊಣೆ ಇತ್ತೇ? ದಾಖಲು ಮಾಡಿಕೊಂಡಿದ್ದರೆ ಇತ್ತು. ಎರಡನೆಯದು, ತಕ್ಕಮಟ್ಟಿಗೆ ಕೆಲಸ ಬಲ್ಲ ಒಬ್ಬ ಡಾಕ್ಟರು ಆ ಸ್ಥಿತಿಯಲ್ಲಿ ಮಾಡುತ್ತಿದ್ದದ್ದನ್ನು ಇವರು ಮಾಡಿದರೇ? ದೇಶದಲ್ಲೇ ದೊಡ್ಡ ಡಾಕ್ಟರು ಏನು ಮಾಡುತ್ತಿದ್ದರು ಅಂತ ಕೇಳೂದಿಲ್ಲ. ಮೂರನೆಯದು, ಆ ತಪ್ಪಿನಿಂದಲೇ ಕಾಲು ಹೋಯಿತೇ?

ಮೂರನೆಯ ಪ್ರಶ್ನೆಯೇ ಎಲ್ಲಕ್ಕಿಂತ ಬಿಗಿ. ಆ ಕಡೆಯ ವಕೀಲರು ಹೇಳುವುದು ಒಂದೇ ಮಾತು: ‘ರೋಗಿಗೆ ಶುಗರ್ ಇತ್ತು, ಮನೆಯಲ್ಲೇ ತಡ ಮಾಡಿಕೊಂಡು ಬಂದರು, ಹೆಂಗಿದ್ದರೂ ಕಾಲು ಹೋಗುತ್ತಿತ್ತು.’ ಇದಕ್ಕೆ ಉತ್ತರ ಕಣ್ಣೀರಿನಲ್ಲಿ ಇಲ್ಲ, ಕಾಗದದಲ್ಲಿ ಇದೆ. ದವಾಖಾನೆಗೆ ಬಂದಾಗ ಒಂದು ಬೆರಳು ಮಾತ್ರ ಕಪ್ಪಾಗಿತ್ತು ಅಂತ ಕೇಸ್ ಪೇಪರಿನಲ್ಲಿ ಬರೆದಿದ್ದರೆ, ಜ್ವರದ ತಖ್ತೆಯಲ್ಲಿ ಎರಡು ದಿನ ಜ್ವರ ಏರಿದ್ದು ಇದ್ದರೆ, ಬಿ.ಪಿ. ಇಳಿದ ವೇಳೆ ಇದ್ದರೆ, ಆಂಟಿಬಯಾಟಿಕ್ ಮೊದಲ ಡೋಸು ಯಾವಾಗ ಕೊಟ್ಟರು ಅಂತ ಇದ್ದರೆ, ಆಗ ಹೇಳಬಹುದು: ಬೆರಳಿಗೆ ಮುಗಿಯಬೇಕಾದದ್ದು ಮೊಣಕಾಲಿಗೆ ಬಂದದ್ದು ಈ ತಾಸುಗಳಲ್ಲಿ. ರಕ್ತದ ರಿಪೋರ್ಟು ಬೆಳಿಗ್ಗೆ ಬಂದು ರಾತ್ರಿ ತನಕ ಯಾರೂ ನೋಡದಿದ್ದರೆ ಅದೂ ಕಾಗದದಲ್ಲೇ ಸಿಗುತ್ತದೆ.

ಪ್ರತಿಯೊಂದು ಕೇಸಿಗೂ ದೊಡ್ಡ ತಜ್ಞರ ಸಾಕ್ಷಿ ಬೇಕೇಬೇಕು ಅಂತ ಇಲ್ಲ. ಹೈದರಾಬಾದಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ಮಲೇರಿಯಾ ಇದ್ದ ಹೆಣ್ಣುಮಗಳಿಗೆ ಟೈಫಾಯಿಡ್ ಅಂತ ಔಷಧ ಕೊಟ್ಟರು, ಆಕೆ ತೀರಿಕೊಂಡಳು. ವಿ. ಕಿಶನ್ ರಾವ್ ಪ್ರಕರಣ ಅಂತ ಅದಕ್ಕೆ ಹೆಸರು. ತಪ್ಪು ಕಣ್ಣಿಗೆ ಕಾಣುವಂತಿದ್ದರೆ ತಜ್ಞರ ಸಾಕ್ಷಿ ಇಲ್ಲದೆಯೂ ಗ್ರಾಹಕ ನ್ಯಾಯಾಲಯ ತೀರ್ಮಾನ ಮಾಡಬಹುದು ಅಂತ ಸುಪ್ರೀಂ ಕೋರ್ಟು 2010ರಲ್ಲಿ ಹೇಳಿತು. ಆದರೆ ಸೆಪ್ಸಿಸ್‌ನ ಕೇಸು ಸಾಮಾನ್ಯವಾಗಿ ಸಿಕ್ಕಾಗಿರುತ್ತದೆ. ಆದ್ದರಿಂದ ಒಬ್ಬ ಡಾಕ್ಟರರ ಬರಹದ ಅಭಿಪ್ರಾಯ ಇದ್ದರೆ ಕೇಸಿಗೆ ಬಲ.

ಇನ್ನು ಎಲ್ಲಿ ಹೋಗಬೇಕು? ದುಡ್ಡು ಕೊಟ್ಟು ಖಾಸಗಿ ದವಾಖಾನೆಯಲ್ಲಿ ತೋರಿಸಿದ್ದರೆ ಗ್ರಾಹಕ ಆಯೋಗಕ್ಕೆ. 1995ರಲ್ಲಿ ವಿ.ಪಿ. ಶಾಂತಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಡಾಕ್ಟರರ ಸೇವೆಯೂ ಗ್ರಾಹಕ ಕಾಯಿದೆಯೊಳಗೆ ಬರುತ್ತದೆ ಅಂತ ಹೇಳಿತು. ಈಗ ಇರುವುದು 2019ರ ಕಾಯಿದೆ. ನಾವು ದವಾಖಾನೆಗೆ ಕೊಟ್ಟ ದುಡ್ಡು 50 ಲಕ್ಷದೊಳಗೆ ಇದ್ದರೆ ಜಿಲ್ಲಾ ಆಯೋಗಕ್ಕೇ ದೂರು. ನಮ್ಮಲ್ಲಿ ಯಾರ ಬಿಲ್ಲೂ ಅದಕ್ಕಿಂತ ಹೆಚ್ಚು ಆಗೂದಿಲ್ಲ. ಕೊಟ್ಟ ದುಡ್ಡು 5 ಲಕ್ಷದೊಳಗೆ ಇದ್ದರೆ ದೂರಿಗೆ ಶುಲ್ಕವೂ ಇಲ್ಲ.

ಗಡಿಯಲ್ಲಿ ಇರುವ ನಮಗೆ ಈ ಕಾಯಿದೆಯಲ್ಲಿ ಒಂದು ದೊಡ್ಡ ಅನುಕೂಲ ಇದೆ. ಮೊದಲು ದವಾಖಾನೆ ಇದ್ದ ಊರಿಗೇ ಹೋಗಿ ದೂರು ಕೊಡಬೇಕಿತ್ತು. ಈಗ ದೂರು ಕೊಡುವವನು ವಾಸ ಇರುವ ಜಿಲ್ಲೆಯಲ್ಲೇ ಕೊಡಬಹುದು. ನಮ್ಮವರು ವಿಜಯಪುರಕ್ಕೆ ಹೋಗ್ತಾರೆ, ಕಲಬುರಗಿಗೆ ಹೋಗ್ತಾರೆ, ಮಿರಜಿಗೆ ಹೋಗ್ತಾರೆ. ಕರ್ನಾಟಕದ ದವಾಖಾನೆಯಲ್ಲಿ ಕಾಲು ಹೋದರೂ ಅಕ್ಕಲಕೋಟದವನು ಸೋಲಾಪುರದ ಜಿಲ್ಲಾ ಆಯೋಗದಲ್ಲಿ ದೂರು ಹಾಕಬಹುದು, ಜತ್ತದವನು ಸಾಂಗಲಿಯಲ್ಲಿ ಹಾಕಬಹುದು. ಒಂದು ಕಾಲಿನ ಮನುಷ್ಯನಿಗೆ ತಾರೀಖಿಗೊಮ್ಮೆ ರಾಜ್ಯ ದಾಟಿ ಹೋಗುವುದು ಅಂದರೆ ಏನು ಅಂತ ವಿಚಾರ ಮಾಡಿರಿ. ಈ ಒಂದು ಕಲಮು ನಮ್ಮ ಮಂದಿಗೆ ತಿಳಿದರೆ ಸಾಕು, ಎಷ್ಟೋ ಜನ ಮೊದಲ ಹೆಜ್ಜೆ ಇಡ್ತಾರೆ.

ಸರಕಾರಿ ದವಾಖಾನೆ ಆದರೆ ದಾರಿ ಬೇರೆ. ಎಲ್ಲರಿಗೂ ಪುಕ್ಕಟೆ ನೋಡುವ ದವಾಖಾನೆ ಗ್ರಾಹಕ ಕಾಯಿದೆಯೊಳಗೆ ಬರೂದಿಲ್ಲ. ಕೇಸ್ ಪೇಪರಿಗೆ ಕೊಟ್ಟ ಹತ್ತು-ಇಪ್ಪತ್ತು ರೂಪಾಯಿ ಲೆಕ್ಕಕ್ಕೆ ಇಲ್ಲ. ಹಂಗಂತ ಸರಕಾರ ತಪ್ಪಿಸಿಕೊಳ್ಳೂದಿಲ್ಲ. ಸಿವಿಲ್ ಕೋರ್ಟಿನಲ್ಲಿ ದಾವೆ ಇದೆ, ಹೈಕೋರ್ಟಿನಲ್ಲಿ ರಿಟ್ ಇದೆ, ಮಾನವ ಹಕ್ಕುಗಳ ಆಯೋಗ ಇದೆ.

ಇದಕ್ಕೆ ನಮ್ಮ ಮಹಾರಾಷ್ಟ್ರದ್ದೇ ಉದಾಹರಣೆ ಇದೆ. 1963ರ ಜುಲೈ ತಿಂಗಳು. ಆಗಿನ ಔರಂಗಾಬಾದ್, ಈಗಿನ ಛತ್ರಪತಿ ಸಂಭಾಜಿನಗರದ ಸರಕಾರಿ ದವಾಖಾನೆ. ಹೆರಿಗೆಗೆ ಬಂದ ಹೆಣ್ಣುಮಗಳಿಗೆ ಸಂತಾನಹರಣ ಆಪರೇಷನ್ ಮಾಡಿದರು. ಹೊಟ್ಟೆಯೊಳಗೆ ಟಾವೆಲ್ ಬಿಟ್ಟು ಹೊಲಿದರು. ಜ್ವರ ಬಂತು, ನೋವು ಬಂತು. ಮತ್ತೆ ತೆರೆದು ನೋಡಿದಾಗ ಒಳಗೆ ಟಾವೆಲ್, ಕೀವು. ಅದೇ ತಿಂಗಳು ಆಕೆ ತೀರಿಕೊಂಡಳು. ಗಂಡ ಅಚ್ಯುತರಾವ್ ಖೋಡ್ವಾ ದಾವೆ ಹೂಡಿದರು. ಕೆಳಗಿನ ಕೋರ್ಟು 36,000 ರೂಪಾಯಿ ಕೊಡಿಸಿತು, ಹೈಕೋರ್ಟು ಅದನ್ನು ರದ್ದು ಮಾಡಿತು. ಸುಪ್ರೀಂ ಕೋರ್ಟು 1996ರಲ್ಲಿ ಅದನ್ನು ಮತ್ತೆ ಎತ್ತಿ ಹಿಡಿಯಿತು. ಯಾವ ಡಾಕ್ಟರ ಕೈಯಿಂದ ಟಾವೆಲ್ ಉಳಿಯಿತು ಅಂತ ಬೆರಳು ಮಾಡಿ ತೋರಿಸಬೇಕಾಗಿಲ್ಲ, ತನ್ನ ನೌಕರರ ನಿರ್ಲಕ್ಷ್ಯಕ್ಕೆ ಸರಕಾರ ಹೊಣೆ ಅಂತ ಹೇಳಿತು. 33 ವರ್ಷ ಹಿಡಿಯಿತು. ಇದನ್ನು ಕೇಳಿ ಎದೆಗುಂದಬೇಡಿ. ಅವರು ನಡೆದ ದಾರಿಯ ಮ್ಯಾಲೆ ಇವತ್ತು ನಾವು ನಿಂತಿದ್ದೇವೆ.

ಇನ್ನೊಂದು ಪಶ್ಚಿಮ ಬಂಗಾಳದ್ದು. 1992ರಲ್ಲಿ ಹಕೀಮ್ ಶೇಖ್ ಅನ್ನುವ ಕೂಲಿಕಾರ ರೈಲಿನಿಂದ ಬಿದ್ದು ತಲೆಗೆ ಪೆಟ್ಟಾಯಿತು. ಒಂದಾದ ಮ್ಯಾಲೆ ಒಂದು ಸರಕಾರಿ ದವಾಖಾನೆ ‘ಹಾಸಿಗೆ ಇಲ್ಲ, ಸವಲತ್ತು ಇಲ್ಲ’ ಅಂತ ತಿರುಗಿಸಿ ಕಳಿಸಿದವು. ಕೊನೆಗೆ ಖಾಸಗಿ ದವಾಖಾನೆಯಲ್ಲಿ ದುಡ್ಡು ಸುರಿದು ಬದುಕಿದ. ಅವನ ಜೊತೆ ಸುಪ್ರೀಂ ಕೋರ್ಟಿಗೆ ಹೋದವರು ಯಾರು ಗೊತ್ತೇ? ಅವನು ಸದಸ್ಯನಾಗಿದ್ದ ಹೊಲಗೂಲಿಗಳ ಸಂಘ, ಪಶ್ಚಿಮ ಬಂಗ ಖೇತ್ ಮಜ್ದೂರ್ ಸಮಿತಿ. ತುರ್ತು ಚಿಕಿತ್ಸೆ ಕೊಡದೆ ಇರುವುದು ಸಂವಿಧಾನದ 21ನೆಯ ಅನುಚ್ಛೇದದ ಜೀವಿಸುವ ಹಕ್ಕಿನ ಉಲ್ಲಂಘನೆ ಅಂತ 1996ರಲ್ಲಿ ತೀರ್ಪು ಬಂತು, 25,000 ರೂಪಾಯಿ ಪರಿಹಾರ ಕೊಡಿಸಿದರು. ಬಾಬಾಸಾಹೇಬರು ಬರೆದ ಸಂವಿಧಾನದ ಒಂದು ಕಲಮನ್ನು ಕೂಲಿಕಾರರ ಸಂಘ ಹಿಡಿದುಕೊಂಡು ನಿಂತಿತು. ನಮ್ಮದೂ ಒಂದು ಸಂಘವೇ ಅಲ್ಲವೇ?

ಪರಿಹಾರ ಎಷ್ಟು ಸಿಗುತ್ತದೆ ಅಂತ ಎಲ್ಲರೂ ಕೇಳ್ತಾರೆ. ಅದಕ್ಕೆ ದರಪಟ್ಟಿ ಇಲ್ಲ. ಆಗಿಹೋದ ಖರ್ಚು, ಮುಂದಿನ ಚಿಕಿತ್ಸೆ, ಕೃತಕ ಕಾಲು ಮತ್ತು ಅದು ಸವೆದಾಗ ಬದಲಿಸುವ ಖರ್ಚು, ನೋಡಿಕೊಳ್ಳುವವರ ಖರ್ಚು, ಹೋದ ದುಡಿಮೆ, ಪಟ್ಟ ನೋವು, ಇವನ್ನೆಲ್ಲ ಬೇರೆ ಬೇರೆಯಾಗಿ ಕೇಳಬೇಕು. ದುಡಿಮೆಯ ಲೆಕ್ಕದಲ್ಲಿ ಒಂದು ತೀರ್ಪು ನೆನಪಿಡಿರಿ. 2010ರ ರಾಜಕುಮಾರ್ ಪ್ರಕರಣ, ಅದು ವಾಹನ ಅಪಘಾತದ್ದು. ಒಂದು ಕೈ ಹೋದರೆ ಬಡಿಗನಿಗೋ ಡ್ರೈವರಿಗೋ ದುಡಿಮೆ ಪೂರ್ತಿ ಹೋದಂತೆಯೇ, ಅದೇ ಸರಕಾರಿ ಗುಮಾಸ್ತನ ನೌಕರಿ ಉಳಿಯಬಹುದು ಅಂತ ಸುಪ್ರೀಂ ಕೋರ್ಟು ಅಲ್ಲಿ ವಿವರಿಸಿತು. ಅಂದರೆ ಸರ್ಟಿಫಿಕೇಟಿನಲ್ಲಿ ಶೇಕಡಾ ಎಷ್ಟೇ ಬರೆದಿರಲಿ, ಆ ಅಂಗದಿಂದ ಆ ಮನುಷ್ಯ ಏನು ಕೆಲಸ ಮಾಡುತ್ತಿದ್ದ ಅನ್ನುವುದು ಮುಖ್ಯ. ಕಬ್ಬು ಕಡಿಯುವವನಿಗೆ ಕಾಲು ಹೋದರೆ ಉಳಿಯುವುದೇನು? ಹೈದರಾಬಾದಿನ ನಿಮ್ಸ್ ಆಸ್ಪತ್ರೆಯಲ್ಲಿ 1990ರಲ್ಲಿ ಆಪರೇಷನ್ ಆಗಿ ಎರಡೂ ಕಾಲಿನ ಶಕ್ತಿ ಕಳಕೊಂಡ ಎಂಜಿನಿಯರಿಂಗ್ ವಿದ್ಯಾರ್ಥಿಗೆ 2009ರಲ್ಲಿ ಒಂದು ಕೋಟಿ ರೂಪಾಯಿ ಸಿಕ್ಕಿತು. ಅವನ ಮುಂದಿನ ಗಳಿಕೆಗೆ ಕಾಗದ ಇತ್ತು. ನಮ್ಮ ಕೂಲಿಗೆ ಪಗಾರ ಚೀಟಿ ಇರೂದಿಲ್ಲ. ಆದ್ದರಿಂದ ಮುಕಾದಮನ ವಹಿ, ಕಾರ್ಖಾನೆಯ ಚೀಟಿ, ಬ್ಯಾಂಕಿನ ಪಾಸ್‌ಬುಕ್, ಜೋಡಿ ದುಡಿದವರ ಸಾಕ್ಷಿ ಜೋಡಿಸಿ ಇಟ್ಟುಕೊಳ್ಳಬೇಕು.

ಅವಧಿ ಎರಡು ವರ್ಷ. ಗ್ರಾಹಕ ಆಯೋಗದ ಮುಂದೆ ಎರಡು ವರ್ಷದೊಳಗೆ ಹೋಗಬೇಕು. ತಡವಾದರೆ ತಕ್ಕ ಕಾರಣ ಕೊಟ್ಟು ಮಾಫಿ ಕೇಳಬಹುದು, ಆದರೆ ಕೊಟ್ಟೇ ಕೊಡ್ತಾರೆ ಅನ್ನುವಂತಿಲ್ಲ. ಶ್ರೀಖಂಡೆ ಪ್ರಕರಣದಲ್ಲಿ ಹೊಟ್ಟೆಯೊಳಗೆ ಗಾಜ್ ಅರಿವೆ ಉಳಿದಿದೆ ಅಂತ ಒಬ್ಬ ಹೆಣ್ಣುಮಗಳು ವರ್ಷಗಟ್ಟಲೆ ನೋವು ತಿಂದ ಮ್ಯಾಲೆ ದೂರು ಕೊಟ್ಟರು. ಆಕೆಯೂ ನರ್ಸ್ ಆಗಿದ್ದವರು. ಆದರೂ ದೂರು ತಡವಾಯಿತು ಅಂತ 2010ರಲ್ಲಿ ಬಿದ್ದುಹೋಯಿತು. ನರ್ಸಿಗೇ ಹಿಂಗಾದರೆ ನಮ್ಮ ಆಯಿಯ ಗತಿ ಏನು?

ಈಗ ಕಾಗದದ ಮಾತು. ವೈದ್ಯರ ನಡವಳಿಕೆಯ 2002ರ ನಿಯಮಗಳಲ್ಲಿ ಸ್ಪಷ್ಟವಾಗಿ ಇದೆ: ದಾಖಲಾದ ರೋಗಿಯ ಕಾಗದಪತ್ರವನ್ನು ಚಿಕಿತ್ಸೆ ಶುರುವಾದ ದಿನದಿಂದ ಮೂರು ವರ್ಷ ಇಡಬೇಕು, ರೋಗಿ ಅಥವಾ ಅವನ ಪರವಾಗಿ ಅಧಿಕಾರ ಇದ್ದವರು ಕೇಳಿದರೆ 72 ತಾಸಿನೊಳಗೆ ಕೊಡಬೇಕು. ‘ಕೊಡ್ರಿ ಸಾಹೇಬ್ರ’ ಅಂತ ಬಾಯಿಂದ ಕೇಳಬಾರದು. ಎರಡು ಪ್ರತಿ ಅರ್ಜಿ ಬರೆದು, ಒಂದನ್ನು ಕೊಟ್ಟು, ಇನ್ನೊಂದರ ಮ್ಯಾಲೆ ಸಹಿ-ಸಿಕ್ಕಾ ಹಾಕಿಸಿಕೊಂಡು ಬರಬೇಕು. ತಗೊಳ್ಳದಿದ್ದರೆ ರಜಿಸ್ಟರ್ ಪೋಸ್ಟಿನಲ್ಲಿ ಕಳಿಸಬೇಕು. ಡಿಸ್ಚಾರ್ಜ್ ಕಾರ್ಡ್ ಒಂದೇ ಸಾಲೂದಿಲ್ಲ. ದಾಖಲಾತಿಯ ಕೇಸ್ ಪೇಪರ್, ನರ್ಸ್‌ಗಳು ಬರೆದ ಹಾಳೆ, ಬಿ.ಪಿ.-ಜ್ವರದ ತಖ್ತೆ, ಔಷಧ ಕೊಟ್ಟ ವೇಳೆಯ ಹಾಳೆ, ಲ್ಯಾಬ್ ರಿಪೋರ್ಟು, ಆಪರೇಷನ್ ಟಿಪ್ಪಣಿ, ಒಪ್ಪಿಗೆ ಪತ್ರ, ಬೇರೆ ದವಾಖಾನೆಗೆ ಕಳಿಸಿದ ಪತ್ರ, ಎಲ್ಲ ಬೇಕು. ಸರಕಾರಿ ದವಾಖಾನೆ ಆದರೆ ಮಾಹಿತಿ ಹಕ್ಕಿನಲ್ಲೂ ಕೇಳಬಹುದು.

ಒಪ್ಪಿಗೆ ಪತ್ರಕ್ಕೆ ಹೆಬ್ಬೆಟ್ಟು ಒತ್ತಿದ್ದೀವಿ, ಇನ್ನೇನು ಮಾಡಲಿಕ್ಕೆ ಬರೂದಿಲ್ಲ ಅಂತ ನಮ್ಮವರು ಸುಮ್ಮನಾಗ್ತಾರೆ. ಹೆಬ್ಬೆಟ್ಟು ಒತ್ತಿದ್ದು ಆಪರೇಷನ್ನಿಗೆ, ನಿರ್ಲಕ್ಷ್ಯಕ್ಕೆ ಅಲ್ಲ. ನಮ್ಮ ಮನೆಮಾತು ಕನ್ನಡ, ದವಾಖಾನೆಯ ಮಾತು ಮರಾಠಿ, ಕಾಗದ ಇಂಗ್ಲಿಷು. ಮೂರರ ನಡುವೆ ನಮ್ಮ ಆಯಿ ‘ಹೂಂ’ ಅಂತ ತಲೆ ಆಡಿಸ್ತಾಳೆ. ಓದಿದ ನಾವು ಒಬ್ಬರು ಪಕ್ಕದಲ್ಲಿ ನಿಂತರೆ ಆ ‘ಹೂಂ’ಗೆ ಅರ್ಥ ಬರುತ್ತದೆ.

ವಕೀಲರ ಫೀಸು ಎಲ್ಲಿಂದ ತರೋದು? 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆಯ 12ನೆಯ ಕಲಮಿನಂತೆ ಪರಿಶಿಷ್ಟ ಜಾತಿ-ಪಂಗಡದವರಿಗೆ ಪುಕ್ಕಟೆ ವಕೀಲರು ಸಿಗ್ತಾರೆ. ಆದಾಯದ ಮಿತಿ ಇಲ್ಲ. ಹೆಣ್ಣುಮಕ್ಕಳಿಗೂ, ಅಂಗವಿಕಲರಿಗೂ ಹಂಗೇ. ಸೋಲಾಪುರದ ಜಿಲ್ಲಾ ಕೋರ್ಟಿನಲ್ಲೇ ಅದರ ಆಫೀಸು. ಫೋನ್ ಮಾಡಲಿಕ್ಕೆ 15100. ಗ್ರಾಹಕರ ಸಹಾಯವಾಣಿ 1915.

ನಮ್ಮ ಹುಡುಗರಿಗೆ ಒಂದು ಮಾತು. ಸಿಟ್ಟು ಬರುತ್ತದೆ, ನನಗೂ ಬರುತ್ತದೆ. ಆದರೆ ದವಾಖಾನೆಯ ಕಾಚು ಒಡೆದರೆ, ಡಾಕ್ಟರ ಮ್ಯಾಲೆ ಕೈ ಮಾಡಿದರೆ, ಮಹಾರಾಷ್ಟ್ರದ 2010ರ ಕಾಯಿದೆಯಲ್ಲಿ ಮೂರು ವರ್ಷದ ತನಕ ಜೈಲು, ಜಾಮೀನಿಲ್ಲದ ಅಪರಾಧ. ಅನ್ಯಾಯ ಆದವನೇ ಆರೋಪಿ ಆಗ್ತಾನೆ. ರಾತ್ರಿ ಹಗಲು ದುಡಿಯುವ ಡಾಕ್ಟರು-ನರ್ಸ್‌ಗಳು ನಮ್ಮ ವೈರಿಗಳಲ್ಲ. ನಮ್ಮವರ ಮಕ್ಕಳೂ ಈಗ ಅಲ್ಲಿ ಕೆಲಸ ಮಾಡ್ತಾರೆ. ಜಾತಿಯ ಕಾರಣಕ್ಕೆ ದವಾಖಾನೆಯೊಳಗೆ ಬಿಡದಿದ್ದರೆ ಅದು ಬೇರೆ ಮಾತು. 2015ರ ತಿದ್ದುಪಡಿಯ ನಂತರ ಅಟ್ರಾಸಿಟಿ ಕಾಯಿದೆಯಲ್ಲಿ ಅದು ಅಪರಾಧ. ಅದನ್ನೂ ನಿರ್ಲಕ್ಷ್ಯವನ್ನೂ ಕಲಸಬಾರದು. ಯಾವ ದೂರು ಯಾವುದಕ್ಕೆ ಅಂತ ತಿಳಿದು ಕೊಡಬೇಕು.

ಬಾಬಾಸಾಹೇಬರ ‘ವೇಟಿಂಗ್ ಫಾರ್ ಎ ವೀಸಾ’ ಪುಸ್ತಕದಲ್ಲಿ ಕಾಠಿಯಾವಾಡದ ಒಬ್ಬ ದಲಿತ ಶಾಲಾಮಾಸ್ತರರ ಪತ್ರ ಇದೆ. ಅದು 1929ರ ಡಿಸೆಂಬರದಲ್ಲಿ ‘ಯಂಗ್ ಇಂಡಿಯಾ’ದಲ್ಲಿ ಬಂದದ್ದು. ಹೆರಿಗೆಯಾದ ಹೆಂಡತಿಗೆ ಕಾಯಿಲೆ ಬಂತು. ಡಾಕ್ಟರು ಕೇರಿಯೊಳಗೆ ಬರಲಿಲ್ಲ, ಮುಟ್ಟಲಿಲ್ಲ. ಥರ್ಮಾಮೀಟರನ್ನು ಒಬ್ಬ ಮುಸಲ್ಮಾನರ ಕೈಗೆ ಕೊಟ್ಟು, ಅವರು ಗಂಡನಿಗೆ ಕೊಟ್ಟು, ಗಂಡ ಹೆಂಡತಿಗೆ ಇಟ್ಟು, ಹಂಗೇ ವಾಪಸ್ ಬಂತು. ಆಕೆ ಉಳಿಯಲಿಲ್ಲ. ಆ ಮಾಸ್ತರರು ಏನು ಮಾಡಿದರು? ಹೆರಿಗೆ ಯಾವ ತಾರೀಖು, ಕಾಯಿಲೆ ಯಾವ ತಾರೀಖು, ಡಾಕ್ಟರಿಗೆ ಕೊಟ್ಟ ಫೀಸು ಎಷ್ಟು, ಎಲ್ಲ ಬರೆದರು. ಬರೆದದ್ದರಿಂದ ಅದು ಬಾಬಾಸಾಹೇಬರ ಕೈಗೆ ಸಿಕ್ಕಿತು, ಇವತ್ತು ನಮ್ಮ ಕೈಗೂ ಸಿಕ್ಕಿದೆ. ಬರೆಯದಿದ್ದರೆ ಆ ತಾಯಿಯ ಸಾವು ಆ ಕೇರಿಯಲ್ಲೇ ಮಣ್ಣಾಗುತ್ತಿತ್ತು.

ಆದ್ದರಿಂದ ಸಂಘದ ಮುಂದೆ ನನ್ನ ಮೂರು ಬೇಡಿಕೆ. ಓಣಿಗೆ ಇಬ್ಬರಂತೆ, ಒಬ್ಬ ಹುಡುಗ ಒಬ್ಬ ಹುಡುಗಿ, ದವಾಖಾನೆಗೆ ಜೋಡಿ ಹೋಗಲಿಕ್ಕೆ ತಯಾರಿರಬೇಕು. ಸಂಘದಲ್ಲಿ ಒಂದು ವಹಿ ಇಡಬೇಕು. ರೋಗಿ ಸೇರಿದ ವೇಳೆ, ಡಾಕ್ಟರು ನೋಡಿದ ವೇಳೆ, ಏನು ಹೇಳಿದರು, ಯಾವ ಇಂಜೆಕ್ಷನ್, ಎಲ್ಲ ಅವತ್ತೇ ಬರೆದು ಮೊಬೈಲಿನಲ್ಲಿ ಪ್ರತಿ ಕಾಗದದ ಫೋಟೋ ತೆಗೆದಿಡಬೇಕು. ಮೂರನೆಯದು, ಕಾಗದ ಕೇಳುವ ಅರ್ಜಿಯ ನಮೂನೆ ಮರಾಠಿಯಲ್ಲಿ ಮತ್ತು ಕನ್ನಡದಲ್ಲಿ ಅಚ್ಚು ಹಾಕಿಸಿ ಸಮಾಜಮಂದಿರದಲ್ಲಿ ಇಡಬೇಕು. ನಮೂನೆ ಬರೆದುಕೊಡುವ ಕೆಲಸ ನನ್ನದು.

ಇದರಿಂದ ಕೇಸು ಗೆದ್ದೇ ಗೆಲ್ತೀವಿ ಅಂತ ನಾನು ಹೇಳೂದಿಲ್ಲ. ಆದರೆ ಪಕ್ಕದಲ್ಲಿ ನಿಂತು ವೇಳೆ ಕೇಳುವವರು, ಬರೆದುಕೊಳ್ಳುವವರು ಇದ್ದಾರೆ ಅಂತ ತಿಳಿದರೆ ಪಟ್ಟಿ ಬಿಚ್ಚಿ ನೋಡ್ತಾರೆ. ಕಾಲು ಹೋದ ಮ್ಯಾಲೆ ಸಿಗುವ ಪರಿಹಾರಕ್ಕಿಂತ ಕಾಲು ಉಳಿಯುವುದು ಮೇಲಲ್ಲವೇ?